ನಾಲ್ವರೂ ಒಂದೇ ಕಡೆ ತಪ್ಪುವುದಿಲ್ಲ

1623ರ ಫೆಬ್ರವರಿಯಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಸಿರಿವಂತನೊಬ್ಬ ಇಂಗ್ಲಿಷರ ಹಡಗಿನಲ್ಲಿ ಸೂರತ್ತಿಗೆ ಬಂದಿಳಿದ. ವಯಸ್ಸು ಮೂವತ್ತಾರು. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಕೆಡದಂತೆ ಕಾಪಿಟ್ಟು, ಪೆಟ್ಟಿಗೆಯಲ್ಲಿ ಜೊತೆಗೇ ಸಾಗಿಸುತ್ತಿದ್ದ; ರೋಮಿಗೆ ಒಯ್ದೇ ಮಣ್ಣು ಮಾಡಬೇಕೆಂಬುದು ಅವನ ಹಠ. ಸೂರತ್ ನೋಡಿದ, ಖಂಭಾತಿನಲ್ಲಿ ಹಕ್ಕಿಗಳ ಆಸ್ಪತ್ರೆ ಕಂಡು ಬೆರಗಾದ, ಅಹಮದಾಬಾದಿಗೆ ಹೋಗಿಬಂದ, ಬೇಸಿಗೆಗೆ ಗೋವೆ ಸೇರಿದ. ಮಳೆಗಾಲ ಕಳೆದ ಮೇಲೆ ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಾಗ, ಇವನೂ ಕುತೂಹಲಕ್ಕೆ ಬೆನ್ನು ಹತ್ತಿದ. ಕೆಲಸ ಹುಡುಕಿಕೊಂಡು ನಾವು ಕರ್ನಾಟಕದಿಂದ ಗುಜರಾತಿಗೆ ಬಂದ ದಾರಿಯನ್ನು ಅವನು ತಿರುಗುಮುರುಗಾಗಿ ನಡೆದ ಅನ್ನಿ.

ಹೊನ್ನಾವರದಿಂದ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯ ಕಡೆಗೆ. ನವೆಂಬರಿನ ಒಂದು ದಿನ ದಾರಿಯ ಊರಿನಲ್ಲಿ ತಂಡ ತಂಗಿತ್ತು. ಹೊತ್ತು ಕಳೆಯಲು ದೆಲ್ಲಾ ವಾಲೆ ಗುಡಿಯ ಮುಖಮಂಟಪದಲ್ಲಿ ಕುಳಿತ. ಅಲ್ಲಿ ನಾಲ್ಕು ಜನ ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆ ಮರಳು ಹರಡಿತ್ತು. ಒಬ್ಬ ರಾಗ ಎಳೆದು ಮಗ್ಗಿಯ ಒಂದು ಸಾಲು ಹೇಳುವುದು, ಹೇಳುತ್ತಲೇ ಮರಳಿನ ಮೇಲೆ ಬೆರಳಿನಿಂದ ಬರೆಯುವುದು. ಮಿಕ್ಕ ಮೂವರು ಅದೇ ರಾಗದಲ್ಲಿ ಹೇಳಿ ಅದನ್ನೇ ಬರೆಯುವುದು. ನೆಲ ತುಂಬಿದರೆ ಕೈಯಿಂದ ಸವರಿ ಅಳಿಸಿ, ಪಕ್ಕದ ಗುಡ್ಡೆಯಿಂದ ಒಂದಿಷ್ಟು ಮರಳು ಎರಚಿಕೊಳ್ಳುವುದು. ಕಾಗದ ಬೇಡ, ಲೇಖನಿ ಬೇಡ, ಖರ್ಚಿಲ್ಲ.

ಮೇಷ್ಟ್ರು ಮಾತ್ರ ಕಾಣುತ್ತಿರಲಿಲ್ಲ. ಪಾಠ ಹೇಳಿಕೊಟ್ಟಿದ್ದು ಅವರೇ. ಆದರೆ ಈಗ ಇದ್ದವರು ನಾಲ್ಕು ಹುಡುಗರಷ್ಟೇ. ಹೀಗಾಗಿ ದೆಲ್ಲಾ ವಾಲೆ, ಯಾರೇ ಆದರೂ ಕೇಳುವ ಪ್ರಶ್ನೆಯನ್ನೇ ಕೇಳಿದ: ಮರೆತರೆ, ತಪ್ಪಿದರೆ, ತಿದ್ದುವವರು ಯಾರು? ಹುಡುಗರು ಕೊಟ್ಟ ಉತ್ತರವನ್ನು ಅವನು ಪ್ರವಾಸದ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ನಾಲ್ವರೂ ಪಾಠದ ಒಂದೇ ಜಾಗದಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದಲಿ ಎಂದೇ ನಾವು ಒಟ್ಟಿಗೆ ಕೂತಿದ್ದೇವೆ ಎಂಬುದು ಅದರ ತಾತ್ಪರ್ಯ. ಹುಡುಗರು ಹೇಳಿದ್ದು ನಿಜ ಎಂದು ಅವನೂ ಒಪ್ಪಿಕೊಂಡ.

ಇಪ್ಪತ್ತು ವರ್ಷ ಸಾಫ್ಟ್‌ವೇರ್ ತಂಡಗಳನ್ನು ನಡೆಸಿದವನಾಗಿ ಹೇಳುತ್ತೇನೆ, ಕೋಡ್ ರಿವ್ಯೂ ಎಂಬ ಪದ್ಧತಿಗೆ ಇದಕ್ಕಿಂತ ಚಿಕ್ಕ, ಚೊಕ್ಕ ವಿವರಣೆಯನ್ನು ನಾನು ಎಲ್ಲೂ ಓದಿಲ್ಲ. ಈಗ ಶಾಲೆಗಳ ಜಾಹೀರಾತಿನಲ್ಲಿ ‘ಪೀರ್ ಲರ್ನಿಂಗ್’ ಎಂಬ ಮಾತು ಕಂಡಾಗೆಲ್ಲ ನನಗೆ ಆ ಮರಳು ನೆನಪಾಗುತ್ತದೆ. ‘ನೋಡಿ, ಎಲ್ಲ ನಮ್ಮಲ್ಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳಲು ಅಲ್ಲ. ಆ ಉತ್ತರದೊಳಗೆ ಒಂದು ಷರತ್ತು ಅಡಗಿದೆ. ನಾಲ್ವರ ಕೊರತೆಗಳು ಬೇರೆಬೇರೆ ಇದ್ದರೆ ಮಾತ್ರ ಆ ವ್ಯವಸ್ಥೆ ನಡೆಯುತ್ತದೆ. ಜೊತೆಗೆ, ನೀನು ತಪ್ಪಿದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಲು ಬರುವಂತಿರಬೇಕು. ಅಂದರೆ ಭಾಷೆ ಒಂದೇ ಇರಬೇಕು, ಭಯ ಇರಬಾರದು. ಮುಂದಿನ ನಾಲ್ಕು ಶತಮಾನಗಳಲ್ಲಿ ಈ ಕ್ರಮ ದೇಶ ಸುತ್ತಿ, ವಿಲಾಯಿತಿಗೆ ಹೋಗಿ, ತಿರುಗಿ ಬಂದಿತು. ಷರತ್ತನ್ನು ಮಾತ್ರ ಎಲ್ಲರೂ ದಾರಿಯಲ್ಲೇ ಬಿಟ್ಟರು.

ದೆಲ್ಲಾ ವಾಲೆ ಕಂಡದ್ದು ಅಪರೂಪದ ದೃಶ್ಯವೇನಲ್ಲ. ಹಳೆ ಮೈಸೂರಿನ ಕಡೆ ಕೂಲಿಮಠ, ಧಾರವಾಡದ ಕಡೆ ಗಾವಟಿ ಶಾಲೆ ಅನ್ನುತ್ತಿದ್ದುದಕ್ಕೆ ಗುಜರಾತಿನಲ್ಲಿ ಗಾಮಠೀ ನಿಶಾಳ್ ಎಂಬ ಹೆಸರು. ಧೂಳೀ ನಿಶಾಳ್ ಅಂತಲೂ ಕರೆಯುತ್ತಿದ್ದರು. ಹೆಸರಲ್ಲೇ ಧೂಳಿದೆ. ಧೂಳಿನ ಮೇಲೆ ಬೆರಳಾಡಿಸಿ ಅಕ್ಷರ, ಒಟ್ಟಾಗಿ ಕೂಗಿ ಮಗ್ಗಿ. ಮಗ್ಗಿಗೆ ಇಲ್ಲಿ ‘ಆಂಕ್’ ಅನ್ನುತ್ತಾರೆ. ವ್ಯಾಪಾರಿಗಳ ಊರುಗಳಾದ್ದರಿಂದ ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳೂ ಬಾಯಿಪಾಠವಾಗಬೇಕು. ಕಲಿತ ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುವುದು ಎಲ್ಲ ಕಡೆ ರೂಢಿ.

ಈ ರೂಢಿಯ ಬಗ್ಗೆ ಕನ್ನಡ ನಾಡಿನಿಂದಲೇ ಒಂದು ಸರಕಾರಿ ದಾಖಲೆ ಇದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಉದ್ದನೆಯ ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅಂದರೆ ಶಾಲೆಗೆ ಸರಾಸರಿ ಹನ್ನೆರಡು. ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಮುಂದುವರಿದ ಮಕ್ಕಳಿಂದ ಹಿಂದುಳಿದವರಿಗೆ ಕಲಿಸುವ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯೇ ಎಂದು ಕ್ಯಾಂಬೆಲ್ ಬರೆದ. ಅರ್ಥ ತಿಳಿಯದ ಪದ್ಯಗಳನ್ನು ಗಿಳಿಪಾಠ ಒಪ್ಪಿಸುತ್ತಾರೆ ಎಂದು ಬೈಯುವುದನ್ನೂ ಬಿಡಲಿಲ್ಲ. ಆ 6,641ರಲ್ಲಿ ಹೆಣ್ಣುಮಕ್ಕಳು ಎಷ್ಟು? ಅರವತ್ತು. ನಮ್ಮ ಹಳೆಯ ಶಾಲೆಗಳನ್ನು ಹೊಗಳುವ ಉತ್ಸಾಹದಲ್ಲಿ ಈ ಅರವತ್ತನ್ನು ನುಂಗಿಹಾಕುವವರೇ ಹೆಚ್ಚು. ಇಕ್ಕೇರಿ ದಾರಿಯ ಗುಡಿಯ ಮಂಟಪದ ಮೇಲೆ ಯಾರ ಮಕ್ಕಳು ಕೂರಬಹುದಿತ್ತು, ಯಾರ ಮಕ್ಕಳು ದೂರ ನಿಲ್ಲಬೇಕಿತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡ್ ಅನುಕರಿಸಿದ್ದು ಹೇಗೆ ಎಂಬುದು ಸ್ವಾರಸ್ಯದ ಕಥೆ. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿ, ಸೈನಿಕರ ತಬ್ಬಲಿ ಗಂಡುಮಕ್ಕಳಿಗಾಗಿ 1789ರಲ್ಲಿ ತೆರೆದ ಶಾಲೆಯ ಮೇಲ್ವಿಚಾರಕನಾಗಿದ್ದ. ಊರಿನ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡ, ತನ್ನ ಶಾಲೆಯಲ್ಲೂ ಹಾಗೇ ಮಾಡಿಸಲು ಹೊರಟ. ಸಂಬಳದ ಮೇಷ್ಟ್ರುಗಳು ಒಪ್ಪಲಿಲ್ಲ. ಬೆಲ್ ಜಗ್ಗಲಿಲ್ಲ, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಅಕ್ಷರದ ತರಗತಿಗೆ ಮೇಷ್ಟ್ರು ಮಾಡಿದ. ಹುಡುಗ ಗೆದ್ದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಮರುವರ್ಷ ಜೋಸೆಫ್ ಲ್ಯಾಂಕಾಸ್ಟರ್ ಅಲ್ಲೇ ಬಡ ಮಕ್ಕಳಿಗೆ ಇಂಥದೇ ಶಾಲೆ ತೆರೆದ. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಯುರೋಪು, ಅಮೆರಿಕಗಳಲ್ಲೆಲ್ಲ ಹಬ್ಬಿತು. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಮಕ್ಕಳ ಪೈಕಿಯೇ ಆರಿಸಿದ ಮಾನಿಟರುಗಳು.

ಹಬ್ಬಿದ ಮೇಲೆ ಅದು ಮಂಟಪದ ನಾಲ್ಕು ಹುಡುಗರ ಆಟವಾಗಿ ಉಳಿಯಲಿಲ್ಲ. ಸಾಲು ಬೆಂಚು, ಗಂಟೆ, ಆಜ್ಞೆ, ಬಡ್ತಿ, ಹಿಂಬಡ್ತಿ. ಮೇಷ್ಟ್ರು ಮಾನಿಟರಿಗೆ ಹೇಳುವುದು, ಮಾನಿಟರು ಹತ್ತು ಮಕ್ಕಳಿಗೆ ಹೇಳುವುದು, ಅವರು ಒಪ್ಪಿಸುವುದು. ನಮ್ಮ ಕಂಪನಿಗಳ ಆರ್ಗ್ ಚಾರ್ಟ್ ತೆಗೆದು ಪಕ್ಕಕ್ಕಿಟ್ಟರೆ ಗುರುತು ಸಿಗುತ್ತದೆ. ಒಬ್ಬರನ್ನೊಬ್ಬರು ತಿದ್ದಲು ಜೊತೆಗೆ ಕೂತವರು ಈಗ ಮೇಲಿನವರು, ಕೆಳಗಿನವರು ಆದರು. ಈ ಶಾಲೆಗಳನ್ನು ಕಟ್ಟಿದವರಿಗೆ ಬೇಕಾಗಿದ್ದು ಅಗ್ಗದ ಶಿಕ್ಷಣ, ಅದು ಸಿಕ್ಕಿತು.

ಪದವೊಂದು ಮಾತ್ರ ತಿರುಗಿ ಮನೆಗೆ ಬಂತು. ಕರ್ನಾಟಕದ ಯಾವ ಸರಕಾರಿ ಶಾಲೆಯಲ್ಲಿ ಓದಿದವರನ್ನಾದರೂ ಕೇಳಿ, ಮಾನಿಟರ್ ಅಂದರೆ ಯಾರು? ಮೇಷ್ಟ್ರು ಇಲ್ಲದಾಗ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುವವನು. ಜೊತೆಯವರಿಗೆ ಕಲಿಸುವವನಿಗೆ ಇದ್ದ ಹೆಸರು, ಜೊತೆಯವರು ಒಬ್ಬರಿಗೊಬ್ಬರು ಮಾತಾಡದಂತೆ ಕಾಯುವವನ ಹೆಸರಾಯಿತು.

ತರಗತಿಯಲ್ಲಿ ಬಾಯಿ ಮುಚ್ಚಿದವರು ಹೊರಗೆ ಕೂಡಿಕೊಂಡರು. ಸೂರತ್ತಿನ ನರ್ಮದ್, ‘ಜಯ ಜಯ ಗರವೀ ಗುಜರಾತ್’ ಬರೆದ ಕವಿ, 1850ರ ಸುಮಾರಿಗೆ ಮುಂಬೈಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಗೆಳೆಯರೊಂದಿಗೆ ಸೇರಿ ಒಂದು ಸಭೆ ಕಟ್ಟಿದ. ಯುವಕರ ‘ಅನ್ಯೋನ್ಯ ಬುದ್ಧಿವರ್ಧಕ ಸಭಾ’. ಅನ್ಯೋನ್ಯ ಎಂಬ ಪದ ಗಮನಿಸಿ: ಒಬ್ಬರ ಬುದ್ಧಿಯನ್ನು ಇನ್ನೊಬ್ಬರು ಬೆಳೆಸುವುದು. ಮಂಡಳಿ ಕಟ್ಟಿಕೊಳ್ಳುವುದರಿಂದ ಆಗುವ ಲಾಭಗಳ ಬಗ್ಗೆ ಅಲ್ಲಿ ಅವನು ಓದಿದ ಬರಹವನ್ನೇ ಗುಜರಾತಿಯ ಮೊದಲ ಪ್ರಬಂಧ ಎನ್ನುವುದುಂಟು. ಅವನಿಗಾಗ ಇಪ್ಪತ್ತೂ ತುಂಬಿರಲಿಲ್ಲ.

ಇನ್ನು ವಡೋದರಾ. ಮಹಾರಾಜ ಸಯಾಜಿರಾವ್ ಗಾಯಕವಾಡ 1893ರಲ್ಲಿ ಅಮ್ರೇಲಿ ಸೀಮೆಯಲ್ಲಿ, 1906ರಲ್ಲಿ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. ಕಡ್ಡಾಯದ ಜೊತೆ ಇಯತ್ತೆ, ಒಂದೇ ಪಠ್ಯಪುಸ್ತಕ, ತಪಾಸಣೆ, ವಾರ್ಷಿಕ ಪರೀಕ್ಷೆ ಎಲ್ಲವೂ ಗಟ್ಟಿಯಾದವು. ಒಂದೇ ವಯಸ್ಸಿನವರು, ಒಂದೇ ಪುಟ ಓದುವವರು, ಒಂದೇ ಕಡೆ ತಪ್ಪತೊಡಗಿದರು. ಆದರೂ ಸಯಾಜಿರಾಯರನ್ನು ಬೈಯಲು ನನಗೆ ಮನಸ್ಸಿಲ್ಲ. ಧೂಳೀ ನಿಶಾಳಿನ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮಕ್ಕಳು ಒಳಗೆ ಕೂತದ್ದು ಈ ಕಾನೂನಿನಿಂದ. ಅರವತ್ತು ಹುಡುಗಿಯರ ಲೆಕ್ಕ ಬದಲಾದದ್ದು ಇಂಥ ಕಾನೂನುಗಳಿಂದ.

ಇದೇ ವಡೋದರಾದಲ್ಲಿ, ಇದೇ ಹೊತ್ತಿನಲ್ಲಿ ಗಂಗನಾಥ ವಿದ್ಯಾಲಯ ಎಂಬ ರಾಷ್ಟ್ರೀಯ ಶಾಲೆ ನಡೆಯುತ್ತಿತ್ತು. ಕೇಶವರಾವ್ ದೇಶಪಾಂಡೆ ಕಟ್ಟಿದ್ದು. 1910ರಲ್ಲಿ ಅಲ್ಲಿಗೆ ಮೇಷ್ಟ್ರಾಗಿ ಬಂದವರು ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರ್. ಮನೆತನ ಬೆಳಗಾವಿ ಹತ್ತಿರದ ಬೆಳಗುಂದಿಯದು, ಹುಡುಗತನದಲ್ಲಿ ಕಾರವಾರದ ಕಡಲು ಕಂಡವರು, ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಗಂಗನಾಥದಲ್ಲಿ ಮೇಷ್ಟ್ರುಗಳನ್ನು ‘ಸರ್’ ಅನ್ನುವಂತಿರಲಿಲ್ಲ, ಮನೆಯವರಂತೆ ಕರೆಯಬೇಕು. ಫಡ್ಕೆಯವರು ಮಾಮಾ ಆದರು, ತಮಿಳುನಾಡಿನ ಹರಿಹರ ಶರ್ಮರು ಅಣ್ಣಾ ಆದರು, ಕಾಲೇಲ್ಕರರು ಕಾಕಾ ಆದರು. ದೇಶಕ್ಕೆಲ್ಲ ಪರಿಚಿತವಾದ ‘ಕಾಕಾ ಕಾಲೇಲ್ಕರ್’ ಹೆಸರು ಹುಟ್ಟಿದ್ದು ವಡೋದರಾದ ಹುಡುಗರ ಬಾಯಲ್ಲಿ. ಬ್ರಿಟಿಷರ ಒತ್ತಡಕ್ಕೆ ಆ ಶಾಲೆ ಬೇಗ ಮುಚ್ಚಿತು. ಕಾಕಾ ಹಿಮಾಲಯ ಸುತ್ತಿ, ಶಾಂತಿನಿಕೇತನದಲ್ಲಿ ಗಾಂಧಿಯವರನ್ನು ಕಂಡು, ಸಾಬರಮತಿಗೆ ಬಂದು, ಮುಂದೆ ಅಹಮದಾಬಾದಿನ ಗುಜರಾತ್ ವಿದ್ಯಾಪೀಠದ ಕುಲನಾಯಕರಾದರು. ಮರಾಠಿ ಮನೆಮಾತಿನ ಬೆಳಗಾವಿಯವರು ಗುಜರಾತಿಯಲ್ಲಿ ಬರೆದು ಗುಜರಾತಿಗರಿಂದಲೇ ‘ಸವಾಯಿ ಗುಜರಾತಿ’, ಅಂದರೆ ಒಂದೂಕಾಲು ಗುಜರಾತಿ, ಎನಿಸಿಕೊಂಡರು. ಹದಿನಾಲ್ಕು ವರ್ಷದಿಂದ ಇಲ್ಲಿರುವ ನನ್ನ ಗುಜರಾತಿ ಇನ್ನೂ ಅರೆಪಾವು ದಾಟಿಲ್ಲ.

ಕಾಕಾ ಹುಟ್ಟಿದ 1885ರಲ್ಲೇ ಹುಟ್ಟಿದ ಇನ್ನೊಬ್ಬರು ಗಿಜುಭಾಯಿ ಬಧೇಕಾ. ಅವರ ಊರು ಭಾವನಗರ, ನಮ್ಮ ಮೂರು ಶಹರಗಳಿಂದ ಆಚೆ. ಆದರೆ ಗುಜರಾತಿನ ತರಗತಿಯ ಮಾತು ಅವರನ್ನು ಬಿಟ್ಟು ಮುಂದೆ ಹೋಗದು. ವಕೀಲಿ ಮಾಡುತ್ತಿದ್ದವರು, ಮಗ ಹುಟ್ಟಿದ ಮೇಲೆ ಇವನನ್ನು ಎಂಥ ಶಾಲೆಗೆ ಹಾಕಲಿ ಎಂಬ ಚಿಂತೆಗೆ ಬಿದ್ದು ಮಾಂಟೆಸರಿಯನ್ನು ಓದಿದರು. 1916ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಜನ ಪ್ರೀತಿಯಿಂದ ‘ಮೂಛಾಳೀ ಮಾ’ ಅಂದರು. ಮೀಸೆಯ ಅಮ್ಮ.

1930ರ ದಶಕದ ಆರಂಭದಲ್ಲಿ ಅವರು ಬರೆದ ‘ದಿವಾಸ್ವಪ್ನ’, ಅಂದರೆ ಹಗಲುಗನಸು, ಒಬ್ಬ ಕಲ್ಪಿತ ಮೇಷ್ಟ್ರ ಕಥೆ. ಲಕ್ಷ್ಮೀರಾಮ್ ಎಂಬವನು ಶಿಕ್ಷಣಾಧಿಕಾರಿಯ ಬಳಿ ಹೋಗಿ, ಪ್ರಯೋಗ ಮಾಡಲು ಒಂದು ವರ್ಷ ನಾಲ್ಕನೆಯ ತರಗತಿಯನ್ನು ಕೇಳಿ ಪಡೆಯುತ್ತಾನೆ. ಮೊದಲ ದಿನ ಮೌನದ ಆಟ ಆಡಿಸಲು ಹೋದರೆ ತರಗತಿ ಸಂತೆಯಾಗುತ್ತದೆ. ಮರುದಿನ ಕಥೆ ಶುರುಮಾಡುತ್ತಾನೆ, ಗಲಾಟೆ ನಿಲ್ಲುತ್ತದೆ. ಆ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಮಾತ್ರ ಕಥೆಯಲ್ಲ, ಪುಸ್ತಕದ ದುಡ್ಡಿನ ವಿಷಯ. ಎಲ್ಲರೂ ಅದೇ ಪಠ್ಯಪುಸ್ತಕ ಕೊಳ್ಳುವ ಬದಲು ಆ ಹಣದಲ್ಲಿ ಬೇರೆಬೇರೆ ಪುಸ್ತಕ ತಂದು ತರಗತಿಯಲ್ಲೇ ಗ್ರಂಥಾಲಯ ಮಾಡೋಣ ಅನ್ನುತ್ತಾನೆ ಲಕ್ಷ್ಮೀರಾಮ್. ಪಾಲಕರಿಗೂ ಜೊತೆಯ ಮೇಷ್ಟ್ರುಗಳಿಗೂ ಇದು ಹುಚ್ಚಾಟ. ಲೆಕ್ಕ ಹಾಕಿ ನೋಡಿ: ಮೂವತ್ತು ಮಕ್ಕಳ ಬಳಿ ಒಂದೇ ಪುಸ್ತಕದ ಮೂವತ್ತು ಪ್ರತಿ ಇದ್ದರೆ ಒಬ್ಬನಿಗೆ ಇನ್ನೊಬ್ಬ ಹೇಳಲು ಏನಿದೆ? ಮೂವತ್ತು ಬೇರೆ ಪುಸ್ತಕ ಇದ್ದರೆ, ಪ್ರತಿ ಮಗುವಿನ ಬಳಿಯೂ ಉಳಿದ ಇಪ್ಪತ್ತೊಂಬತ್ತು ಜನಕ್ಕೆ ಗೊತ್ತಿಲ್ಲದ್ದು ಏನೋ ಇರುತ್ತದೆ. ಮಂಟಪದ ಹುಡುಗರಲ್ಲಿ ಸಹಜವಾಗಿದ್ದ ವ್ಯತ್ಯಾಸವನ್ನು ಗಿಜುಭಾಯಿ ದುಡ್ಡು ಕೊಟ್ಟು ಕೊಂಡು ತಂದರು. ಷರತ್ತನ್ನು ನೆನಪಿಟ್ಟವರು ಅವರೊಬ್ಬರೇ ಎಂದು ನನಗನಿಸುವುದು ಇದಕ್ಕೆ.

ಅಹಮದಾಬಾದಿನಲ್ಲಿ ಇದು ಮತ್ತೊಮ್ಮೆ ಬಂದದ್ದು 1961ರಲ್ಲಿ, ದೊಡ್ಡವರಿಗಾಗಿ. ವಿಕ್ರಮ್ ಸಾರಾಭಾಯಿ ಮುಂದಾಳುತನದಲ್ಲಿ ಶುರುವಾದ ಐಐಎಂ, ಹಾರ್ವರ್ಡಿನ ಸಹಯೋಗದಲ್ಲಿ ಕೇಸ್ ಪದ್ಧತಿಯನ್ನು ತಂದಿತು. ಮೇಷ್ಟ್ರು ಭಾಷಣ ಮಾಡುವುದಿಲ್ಲ. ಒಂದು ಕಂಪನಿಯ ಇಕ್ಕಟ್ಟಿನ ಕಥೆಯನ್ನು ಹಿಂದಿನ ರಾತ್ರಿ ಗುಂಪುಗಳಲ್ಲಿ ಕೂತು ಓದಿಕೊಂಡು ಬರಬೇಕು. ತರಗತಿಯಲ್ಲಿ ಮಾತಾಡುವವರು ವಿದ್ಯಾರ್ಥಿಗಳು. ಒಬ್ಬ ಎಂಜಿನಿಯರ್, ಒಬ್ಬ ಅರ್ಥಶಾಸ್ತ್ರದವಳು, ಒಬ್ಬ ಬ್ಯಾಂಕಿನವನು ಜೊತೆಗೆ ಕೂತರೆ ಮೂವರೂ ಒಂದೇ ಕಡೆ ತಪ್ಪುವುದಿಲ್ಲ ಎಂಬುದೇ ಅದರ ತಳಪಾಯ. ಕಟ್ಟಡ ಕಟ್ಟಿದ ಲೂಯಿ ಕಾನ್, ತಾನು ಗುರುವೆಂದು ತಿಳಿಯದವನೊಬ್ಬ ಮರದಡಿ, ತಾವು ಶಿಷ್ಯರೆಂದು ತಿಳಿಯದವರೊಂದಿಗೆ ಮಾತಿಗಿಳಿದಾಗ ಶಾಲೆ ಹುಟ್ಟಿತು ಎಂದು ಹೇಳುತ್ತಿದ್ದವನು. ಹಾಸ್ಟೆಲುಗಳಲ್ಲಿ ಕೋಣೆಗಳ ನಡುವೆ ಚಹಾ ಕುಡಿಯುತ್ತ ಹರಟುವ ಜಾಗಗಳನ್ನು ಬಿಟ್ಟ. ಆ 18 ಹಾಸ್ಟೆಲುಗಳಲ್ಲಿ 14ನ್ನು ಕೆಡವುವ ಯೋಜನೆ 2020ರ ಕೊನೆಗೆ ಹೊರಬಿದ್ದಾಗ ಜಗತ್ತಿನ ವಾಸ್ತುಶಿಲ್ಪಿಗಳೆಲ್ಲ ಕೂಗೆಬ್ಬಿಸಿ ಆಗ ತಡೆದರು. ಅಂದಹಾಗೆ, ಐಐಟಿ ಕಾನ್ಪುರದಲ್ಲಿ ಎಂ.ಟೆಕ್ ಮುಗಿಸಿದ ಎನ್. ಆರ್. ನಾರಾಯಣ ಮೂರ್ತಿ ಮೊದಲು ಕೆಲಸಕ್ಕೆ ಸೇರಿದ್ದು ಇದೇ ಐಐಎಂನ ಕಂಪ್ಯೂಟರ್ ವಿಭಾಗಕ್ಕೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಟೈಮ್ ಶೇರಿಂಗ್ ವ್ಯವಸ್ಥೆಯ ಮೇಲೆ.

ಆದರೆ ಇಂಥ ತರಗತಿಗಳಲ್ಲಿ ಮಂಟಪದ ಎರಡನೆಯ ಷರತ್ತು, ಭಾಷೆಯದು, ಮರೆಯಾಗುತ್ತದೆ. ಚರ್ಚೆ ಇಂಗ್ಲಿಷಿನಲ್ಲಿ; ಚರ್ಚೆಗೆ ಅಂಕಗಳೂ ಇವೆ. ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಟೆಕ್‌ಗೆ ಹೋದ ನಮ್ಮಂಥವರಿಗೆ ಗೊತ್ತು, ಉತ್ತರ ಗೊತ್ತಿದ್ದೂ ವಾಕ್ಯ ಕಟ್ಟುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ನಾನು ಡೇಟಾ ಸ್ಟ್ರಕ್ಚರ್ಸ್ ಕಲಿತದ್ದು ತರಗತಿಯಲ್ಲಲ್ಲ, ಹಾಸ್ಟೆಲಿನಲ್ಲಿ ರಾಯಚೂರಿನ ಗೆಳೆಯನ ಮಂಚದ ಮೇಲೆ, ಅವನ ಕನ್ನಡದಲ್ಲಿ.

ಸೂರತ್ ಮಹಾನಗರಪಾಲಿಕೆ ಈ ವಿಷಯದಲ್ಲಿ ಬುದ್ಧಿವಂತಿಕೆ ತೋರಿಸಿದೆ. ಮಗ್ಗ, ವಜ್ರ, ಬಣ್ಣದ ಗಿರಣಿಗಳಿಗೆ ದುಡಿಯಲು ಬಂದವರ ಮಕ್ಕಳಿಗಾಗಿ ಪಾಲಿಕೆಯ ಶಾಲೆಗಳು ಗುಜರಾತಿಯ ಜೊತೆ ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮಗಳಲ್ಲೂ ನಡೆಯುತ್ತವೆ. ಗಂಜಾಂನಿಂದ ಬಂದ ಹುಡುಗಿ ಪಕ್ಕದವಳ ತಪ್ಪನ್ನು ಒಡಿಯಾದಲ್ಲೇ ತಿದ್ದಬಹುದು. ಕನ್ನಡ ಈ ಪಟ್ಟಿಯಲ್ಲಿಲ್ಲ, ನಾವು ಅಷ್ಟು ಸಂಖ್ಯೆಯಲ್ಲೂ ಇಲ್ಲ. ನಮಗಿರುವುದು ಭಾನುವಾರದ ಎರಡು ಗಂಟೆ. ವಡೋದರಾದಲ್ಲಿ ನಾವು ಕೆಲವರು ನಡೆಸುವ ಕನ್ನಡ ತರಗತಿಯಲ್ಲಿ ಹನ್ನೊಂದು ಮಕ್ಕಳು, ಆರರಿಂದ ಹದಿನಾಲ್ಕರವರೆಗೆ, ಒಂದೇ ಕೋಣೆ. ಕಲಬುರಗಿಯಿಂದ ಹೋದ ವರ್ಷ ಬಂದ ಹುಡುಗ ‘ಏನ್ ಮಾಡ್ಲಿಕತ್ತಿ’ ಎಂದು ಸರಾಗ ಮಾತಾಡುತ್ತಾನೆ, ಒತ್ತಕ್ಷರ ಬಂದರೆ ನಿಲ್ಲುತ್ತಾನೆ. ಇಲ್ಲೇ ಹುಟ್ಟಿದ ಹುಡುಗಿ ಅಜ್ಜಿಯಿಂದ ವಿಡಿಯೋ ಕಾಲಿನಲ್ಲಿ ಬರೆಯಲು ಕಲಿತವಳು, ದುಂಡಗೆ ಬರೆಯುತ್ತಾಳೆ, ಬಾಯಿ ಬಿಟ್ಟರೆ ಗುಜರಾತಿ. ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ನಾವು ಕೂರಿಸಿದ್ದಲ್ಲ.

ಊರಲ್ಲಿ ಏನಾಗಿದೆ? 1995ರಲ್ಲಿ ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು ನಲಿ-ಕಲಿ ಶುರುಮಾಡಿದರು. ಒಂದೇ ಕೋಣೆಯಲ್ಲಿ ಬೇರೆಬೇರೆ ತರಗತಿಯ ಮಕ್ಕಳು, ಗೋಡೆಗೆ ಕಲಿಕಾ ಏಣಿ, ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದನ್ನು ಮಕ್ಕಳೇ ಗುರುತಿಸಿಕೊಳ್ಳುವುದು, ಐದು ತಟ್ಟೆಗಳ ಸುತ್ತ ಐದು ಗುಂಪು. ಒಂದು ಗುಂಪಿಗೆ ಮೇಷ್ಟ್ರು ಬೇಕು, ಇನ್ನೊಂದಕ್ಕೆ ಗೆಳೆಯರ ನೆರವು ಸಾಕು, ಮತ್ತೊಂದು ತಾನೇ ಕಲಿಯುತ್ತದೆ. 2009ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಮರುವರ್ಷ ಗುಜರಾತ್ ಅದೇ ಬೇರಿನಿಂದ ಬಂದ ‘ಪ್ರಜ್ಞಾ’ ಕಾರ್ಯಕ್ರಮವನ್ನು ತನ್ನ ಶಾಲೆಗಳಲ್ಲಿ ಆರಂಭಿಸಿತು. ಅಲ್ಲೂ ಏಣಿ, ಅಲ್ಲೂ ಗುಂಪು. ಬಹಳ ಮೇಷ್ಟ್ರುಗಳು ಕಾರ್ಡು, ದಾಖಲೆಗಳ ಹೊರೆಯ ಬಗ್ಗೆ ಗೊಣಗುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ತಂದೆತಾಯಿ ಇನ್ನೂ ಖಡಕ್: ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಪಾಠ ಮಾಡದಿದ್ದರೆ ಅದು ಎಂಥ ಶಾಲೆ ಎಂದು ಕೇಳಿ, ಮಗುವನ್ನು ಹಳದಿ ವ್ಯಾನು ಹತ್ತಿಸುತ್ತಾರೆ.

ನಲಿ-ಕಲಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗುವಿಗೆ ಏಣಿ ಇಲ್ಲ, ತಟ್ಟೆ ಇಲ್ಲ; ಸಾಲು ಬೆಂಚು, ಎಲ್ಲರಿಗೂ ಒಂದೇ ಪುಸ್ತಕ, ಬೋರ್ಡಿನ ಪಕ್ಕ ಸೀಮೆಸುಣ್ಣ ಹಿಡಿದ ಮಾನಿಟರ್. ಲಕ್ಷ್ಮೀರಾಮ್ ಅಧಿಕಾರಿಯ ಹತ್ತಿರ ಕೇಳಿ ಪಡೆದದ್ದು ಆ ನಾಲ್ಕನೆಯ ತರಗತಿಯನ್ನೇ.